ಅರಿವಳಿಕೆಯ ಹಳದಿ ಡಬ್ಬಿ

2025ರ ನವೆಂಬರ್ 12, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ರೋಣ ಪೊಲೀಸ್ ಠಾಣೆಗೆ ಬಂದ ದೂರನ್ನು ಪಿಎಸ್‌ಐ ದೇವಿಕಾ ಎರಡು ಸಲ ಓದಿದಳು. ಮೊದಲ ಸಲ ಓದಿದ್ದು ಅರ್ಥವಾಗಲೆಂದು. ಎರಡನೆಯ ಸಲ ಓದಿದ್ದು ತನ್ನ ಕಣ್ಣಿಗೇ ಏನೋ ಆಗಿರಬೇಕೆಂಬ ಅನುಮಾನದಿಂದ. ಕಳವಾದ ದಿನಾಂಕದ ಎದುರು ಅಕ್ಟೋಬರ್ 17 ಎಂದು ಬರೆದಿತ್ತು.

"ಇಪ್ಪತ್ತಾರು ದಿನ ಆತಲ್ರಿ ಡಾಕ್ಟ್ರ. ಇಷ್ಟ ದಿನಾ ಏನ ಮಾಡಿದ್ರಿ?"

ದೂರು ತಂದವರು ಬಸ್ ನಿಲ್ದಾಣದ ಹಿಂದಿನ ಇಪ್ಪತ್ತು ಹಾಸಿಗೆಯ ಖಾಸಗಿ ದವಾಖಾನೆಯ ಮಾಲೀಕರಾದ ಡಾ. ಸಿದ್ದರಾಮೇಶ. ಕನ್ನಡಕ ಒರೆಸಿಕೊಂಡರು. "ಕಂಪನಿ ಮಂದಿ ರಿಪೇರಿಗೆ ಒಯ್ದಿರಬೇಕು ಅನ್ಕೊಂಡಿದ್ವಿ."

"ಒಯ್ದೀರೇನು ಅಂತ ಅವರನ್ನ ಕೇಳಲಿಲ್ಲ?"

"ಕೇಳಿದ್ವಿ. ನಿನ್ನೆ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ಪುಣ್ಯಾತ್ಮರಾದರೋ ಬಾಗಿಲು ಹಾಕಲೂ ಪೊಲೀಸರನ್ನೇ ಕರೆಯಲು ಬಂದಿದ್ದರು. ದೇವಿಕಾಳಿಗೆ ಆಗಲೇ ತಲೆ ಚಿಟ್ಟು ಹಿಡಿದಿತ್ತು.

ಕಳವಾದ ವಸ್ತು ಇದು: ಆಪರೇಶನ್ ಕೋಣೆಯಲ್ಲಿ ರೋಗಿಗೆ ಮತ್ತು ಬರಿಸುವ ಯಂತ್ರದ ಮೇಲೆ ಕೂಡಿಸುವ ಹಳದಿ ಬಣ್ಣದ ಒಂದು ಡಬ್ಬಿ. ಅದರೊಳಗೆ ಔಷಧ ತುಂಬಿದರೆ ಅದು ಗ್ಯಾಸಾಗಿ ರೋಗಿಯ ಉಸಿರಿಗೆ ಹೋಗುತ್ತದೆ. ತೂಕ ಸುಮಾರು ಆರು ಕಿಲೋ. ಅದಕ್ಕೂ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 19ರಂದು, ಆ ಔಷಧದ ಎರಡು ಬಾಟಲಿಗಳೂ ಕಾಣೆಯಾಗಿದ್ದವು.

"ಅವಾಗ ಯಾಕ ಕಂಪ್ಲೇಂಟ್ ಕೊಡಲಿಲ್ಲ?"

"ಒಡದಿರಬೇಕು ಅನ್ಕೊಂಡ್ವಿ."

"ಒಡದ ಗಾಜು ಯಾರರೆ ನೋಡ್ಯಾರೇನು?"

"ಗೊತ್ತಿಲ್ರಿ."

ದೇವಿಕಾ ಮೇಜಿನ ಮೇಲಿನ ಪ್ಯಾಡಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಅದು ಆಕೆಯ ಹಳೆಯ ಚಾಳಿ. ಪ್ರತಿ ಕೇಸಿನಲ್ಲೂ ಯಾರಾದರೂ 'ಗೊತ್ತಿಲ್ಲ' ಎಂದರೆ ಒಂದು ಗೆರೆ. ನರಗುಂದ ಠಾಣೆಯಲ್ಲಿದ್ದಾಗ ಒಂದು ಪಂಪ್‌ಸೆಟ್ ಕಳವಿಗೆ ನಲವತ್ತೊಂದು ಗೆರೆ ಬಿದ್ದಿದ್ದವು, ಕೊನೆಗೆ ನೋಡಿದರೆ ಇಡೀ ಓಣಿಗೆ ಗೊತ್ತಿತ್ತು. ಈ ಜಿಲ್ಲೆಯಲ್ಲಿ ಜೋಳಕ್ಕಿಂತ ಹೆಚ್ಚು ಬೆಳೆಯುವುದು ಆ ಒಂದು ಮಾತು ಎಂಬುದು ಆಕೆಯ ಅಭಿಪ್ರಾಯ.

11 ಗಂಟೆ 30ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಶಿವನಪ್ಪ, ಮೂವತ್ತು ವರ್ಷ ಸರ್ವೀಸಾದ ಮನುಷ್ಯ, ಅದನ್ನು ಓದಿ ಮೀಸೆಯಲ್ಲೇ ನಕ್ಕ.

"ಈ ಡಬ್ಬಿ ಒಯ್ದು ಯಾರ ಏನ ಮಾಡ್ತಾರ್ರಿ ಮೇಡಂ? ಒಗ್ಗರಣಿ ಹಾಕಾಕೂ ಬರೂದಿಲ್ಲ."

ನಗು ಬರುವ ಮಾತೇ, ಆದರೆ ಪ್ರಶ್ನೆ ಸರಿಯಾಗಿತ್ತು.

ಮಧ್ಯಾಹ್ನ 12 ಗಂಟೆ 15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಸಿಕ್ಕವರು ಎದುರಿನ ಔಷಧ ಅಂಗಡಿಯ ಯೂಸುಫ ಮತ್ತು ಚಹಾದಂಗಡಿಯ ಪರಶು. ಪರಶು ಐದು ನಿಮಿಷಕ್ಕೊಮ್ಮೆ "ಇನ್ನ ಎಷ್ಟ ಹೊತ್ತ್ರಿ, ಹಾಲ ಉಕ್ಕತೈತಿ" ಎನ್ನುತ್ತಿದ್ದ. ಪಂಚನಾಮೆಯನ್ನು ಈಗ ಮೊಬೈಲಿನಲ್ಲಿ ಚಿತ್ರೀಕರಿಸಿ ಇಲಾಖೆಯ ಆ್ಯಪಿಗೆ ಏರಿಸಬೇಕು. ಆಪರೇಶನ್ ಕೋಣೆಯೊಳಗೆ ನೆಟ್‌ವರ್ಕ್ ಇರಲಿಲ್ಲ. ಶಿವನಪ್ಪ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ಕೋಣೆಯ ನಾಲ್ಕೂ ಮೂಲೆ ಸುತ್ತಿದ. ಕೊನೆಗೆ ಕಾರಿಡಾರಿನ ಕಿಟಕಿಯ ಬಳಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು.

"ಸಿಸಿಟಿವಿ?"

"ಹದಿನೈದು ದಿನದ್ದಷ್ಟ ಉಳೀತೈತ್ರಿ," ಎಂದರು ಸಿದ್ದರಾಮೇಶ. "ಆಮ್ಯಾಲ ತಾನ ಅಳಿಸಿ ಹೋಗತೈತಿ."

ಅಲ್ಲಿಗೆ ಅದೂ ಮುಗಿಯಿತು. ಸಿಬ್ಬಂದಿ ಹನ್ನೊಂದು ಜನ. ಒಬ್ಬೊಬ್ಬರನ್ನೇ ಕರೆದು ಕೇಳಿದಳು. ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ? ಗೋಡೆಗೆ ತೂಗುಹಾಕಿರುತ್ತೇವೆ. ಆವತ್ತು ಯಾರು ತೆಗೆದರು? ಗೊತ್ತಿಲ್ರಿ. ಪ್ಯಾಡಿನಲ್ಲಿ ಗೆರೆಗಳು ಹದಿನಾಲ್ಕಾದವು.

ಒಂದು ವಿಷಯ ಮಾತ್ರ ಆಕೆಯನ್ನು ಚುಚ್ಚುತ್ತಿತ್ತು. ಆ ಔಷಧದ ಬಾಟಲಿಗಳಿದ್ದ ಕಪಾಟಿನಲ್ಲೇ ನಶೆಗೆ ಬಿದ್ದವರು ಜೀವ ಬಿಡುವಂಥ ಇಂಜೆಕ್ಷನ್ನುಗಳಿದ್ದವು. ಕಳ್ಳ ಅವನ್ನು ಮುಟ್ಟಿರಲಿಲ್ಲ. ದೊಡ್ಡವರಿಗೆ ಸೊಂಟಕ್ಕೆ ಕೊಡುವ ಇಂಜೆಕ್ಷನ್ನುಗಳೂ ಲೆಕ್ಕಕ್ಕೆ ಸರಿಯಾಗಿದ್ದವು. ಹಾಗಾದರೆ ಆ ಗ್ಯಾಸು ಯಾರಿಗೆ?

ಉತ್ತರ ಕೊಟ್ಟವರು ಡಾ. ದುರಗೇಶ. ಅರಿವಳಿಕೆ ಕೊಡುವ ಡಾಕ್ಟರು. ಗದಗದಿಂದ ಒಂದು ಹೆರಿಗೆ ಆಪರೇಶನ್ನಿಗೆ ಬಂದು ಕೈ ತೊಳೆಯುತ್ತ ನಿಂತಿದ್ದರು.

"ಇಲ್ಲಿ ದೊಡ್ಡವರಿಗೆಲ್ಲಾ ಸೊಂಟದ ಇಂಜೆಕ್ಷನ್ ಸಾಕ್ರಿ. ಗ್ಯಾಸು ಸಣ್ಣ ಕೂಸುಗಳಿಗೆ. ಅದೂ ತಿಂಗಳಿಗೊಮ್ಮೆ, ಸೀಳಿದ ತುಟಿ-ಅಂಗುಳ ಹೊಲಿಯೂ ಹುಬ್ಬಳ್ಳಿ ತಂಡ ಬಂದಾಗ. ಅವರ ಜೋಡಿ ನಾನೂ ಇರತೇನಿ."

"ಯಾವಾಗ ಬರತಾರ?"

"ಮೂರನೇ ಶನಿವಾರ. ಸೆಪ್ಟೆಂಬರ್‌ದಾಗ ಬಾಟ್ಲಿ ಇರಲಿಲ್ಲ, ತಿರಿಗಿ ಹೋದ್ವಿ. ಅಕ್ಟೋಬರ್‌ದಾಗ ಬಾಟ್ಲಿ ನಾವ ತಂದ್ವಿ, ಡಬ್ಬಿನ ಇರಲಿಲ್ಲ. ಈ ಶನಿವಾರನೂ ಆಗಲಿಲ್ಲಂದ್ರ ತಂಡ ರೋಣದ ಕಡೆ ಬರೂದಿಲ್ಲ."

"ಎರಡೂ ಸಲ ಯಾರ ಆಪರೇಶನ್ ಇತ್ತು?"

ದುರಗೇಶ ಕೈ ಒರೆಸುವುದನ್ನು ನಿಲ್ಲಿಸಿದರು. "ಒಂದ ಕೂಸು. ನಿಲೋಫರ ಅಂತ, ರಾಜೂರದ್ದು. ಅಂಗುಳ ಸೀಳೇತಿ. ಈಗ ಹದಿನೈದು ತಿಂಗಳು. ಮಾತು ಕಲಿಯೂ ವಯಸ್ಸು ನೋಡ್ರಿ, ಈಗ ಹೊಲದ್ರ ಮಾತು ಬರತಾವು. ತಡಾ ಆದಷ್ಟು ಮಾತು ಮೂಗಿನ್ಯಾಗ ಸಿಕ್ಕೊಂಡಬಿಡತಾವು."

ಕಳ್ಳನಿಗೆ ಬೇಕಾಗಿದ್ದು ಡಬ್ಬಿಯಲ್ಲ, ಶನಿವಾರ ತಪ್ಪುವುದು. ದೇವಿಕಾಳಿಗೆ ಈಗ ಸಿಟ್ಟು ಬೇರೆ ತರಹ ಬಂತು. ಕದ್ದು ಮಾರಿಕೊಳ್ಳುವವನನ್ನು ಆಕೆ ಅರ್ಥ ಮಾಡಿಕೊಳ್ಳಬಲ್ಲಳು. ಹಾಲುಗೂಸಿನ ಬಾಯಿಗೆ ಅಡ್ಡ ಬರುವ ಈ ಮಹಾನುಭಾವ ಯಾರು? ನಡುವೆ ಉಳಿದಿದ್ದು ಎರಡೇ ದಿನ.

ಅದೇ ದಿನ ಸಂಜೆ 4 ಗಂಟೆ 20ಕ್ಕೆ ಜೀಪು ಗಜೇಂದ್ರಗಡ ದಾಟಿ ರಾಜೂರ ಮುಟ್ಟಿತು. ನಿಲೋಫರಳ ತಾಯಿ ಸುಗರಾ ಹೊಸ್ತಿಲಲ್ಲೇ ಕೂತು ಕೂಸಿಗೆ ಚಮಚದಿಂದ ಹಾಲು ಕುಡಿಸುತ್ತಿದ್ದಳು. ಹಾಲಿನ ಅರ್ಧ ಮೂಗಿನಿಂದ ಹೊರಗೆ ಬರುತ್ತಿತ್ತು. ಸುಗರಾ ಅದನ್ನು ಸೆರಗಿನಿಂದ ಒರೆಸಿ ಮತ್ತೆ ಚಮಚ ಎತ್ತುತ್ತಿದ್ದಳು. ಕೂಸಿನ ಮೇಲ್ತುಟಿಯ ಮೇಲೆ ಹೊಲಿಗೆ ಮಾಸಿದ ಗೆರೆಯಿತ್ತು. ತುಟಿಯ ಸೀಳು ಹೊಲಿದದ್ದು ಕೂಸಿಗೆ ಆರು ತಿಂಗಳಿದ್ದಾಗ, ಹುಬ್ಬಳ್ಳಿಯಲ್ಲಿ.

"ನಿಮ್ಮ ಮನ್ಯಾಗ ಯಾರರೆ ಆಪರೇಶನ್ ಬ್ಯಾಡ ಅಂದಾರೇನವ್ವಾ?"

"ಇಲ್ರಿ. ಇವರಪ್ಪ ಎರಡ ಸಲ ಕೆಲಸ ಬಿಟ್ಟ ಬಂದು ತಿರಿಗಿ ಹೋದ್ರು. ಈ ಸಲ ಆಗತೈತೇನ್ರಿ?"

ದೇವಿಕಾ ಹೊಸ್ತಿಲ ಎದುರಿಗೇ ಕೂತಳು. "ದವಾಖಾನ್ಯಾಗ ಯಾರ ಏನ ಅಂದ್ರು, ಎಲ್ಲಾ ನೆನಪ ಮಾಡಿ ಹೇಳು."

ಸುಗರಾ ಚಮಚ ಕೆಳಗಿಟ್ಟಳು. ಡಾಕ್ಟರು ಏನೂ ಅಂದಿರಲಿಲ್ಲ, ನರ್ಸು ತೂಕ ಮಾಡಿದ್ದಳು. "ಒಪ್ಪಿಗಿ ಕಾಗದ ಓದಿ ಹೇಳೂ ಅಕ್ಕ ಒಬ್ಬಾಕಿ ಇದ್ಲು. ಅದರಾಗ ಅರಿವಳಿಕೆ ಕೊಡಾಕ ನನ್ನ ಒಪ್ಪಿಗಿ ಐತಿ ಅಂತ ಬರದಿತ್ತ್ರಿ. ಅರಿವಳಿಕಿ ಅಂದ್ರೇನಕ್ಕಾ ಅಂದೆ. ಅರಿವು ಅಂದ್ರ ತಿಳುವಳಿಕಿ, ಅಳಿಕಿ ಅಂದ್ರ ಅಳಸೂದು ಅಂದ್ಲು. ಅಯ್ಯ, ಅಳಿಸಿದ್ದು ತಿರಿಗಿ ಬರತೈತೇನು ಅಂತ ಕೇಳಿದೆ."

"ಏನಂದ್ಲು?"

"'ಬರತೈತಿ ಅಂತ ಈ ಕಾಗದದಾಗ ಎಲ್ಲೂ ಬರದಿಲ್ಲ ತಂಗಿ' ಅಂದ್ಲು. ಇನ್ನ ಸ್ವಲ್ಪ ದೊಡ್ಡಾಕಿ ಆಗಲಿ ಅಂತನೂ ಅಂದ್ಲು."

"ಆಕಿ ಹೆಸರು?"

"ಗೊತ್ತಿಲ್ರಿ."

ಇಷ್ಟು ಹೇಳಿದವಳ ಮೇಲೆ ಗೆರೆ ಎಳೆಯಲು ದೇವಿಕಾಳಿಗೆ ಮನಸ್ಸಾಗಲಿಲ್ಲ. ಆದರೂ ಎಳೆದಳು. ನಿಯಮ ಎಂದರೆ ನಿಯಮ.

ದವಾಖಾನೆಗೆ ಫೋನ್ ಮಾಡಿದಾಗ ಸಿಕ್ಕ ಹೆಸರು ನಾಗರತ್ನಾ. ವಾರ್ಡ್ ಸಹಾಯಕಿ, ವಯಸ್ಸು ಮೂವತ್ನಾಲ್ಕು, ಅಬ್ಬಿಗೇರಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಮಧ್ಯಾಹ್ನದ ಹದಿನಾಲ್ಕು ಗೆರೆಗಳಲ್ಲಿ ಒಂದು ಆಕೆಯದೇ. ಆದರೆ ಅಷ್ಟು ಮಾತು ಪುರಾವೆಯಾಗುವುದಿಲ್ಲ. ಆರು ಕಿಲೋ ಕಬ್ಬಿಣವನ್ನು ಹೊರಗೆ ಒಯ್ದದ್ದು ಹೇಗೆ? ಸಿಬ್ಬಂದಿ ಮನೆಗೆ ಹೋಗುವಾಗ ಅವರ ಚೀಲಗಳನ್ನು ಬಾಗಿಲಲ್ಲಿ ಕಾವಲುಗಾರ ನೋಡುತ್ತಾನೆ. ಆ ಒಂದು ಕೆಲಸವಾದರೂ ಅಲ್ಲಿ ನೆಟ್ಟಗೆ ನಡೆಯುತ್ತಿತ್ತು.

ಗುರುವಾರ, ನವೆಂಬರ್ 13, ಬೆಳಿಗ್ಗೆ 9 ಗಂಟೆಗೆ ದೇವಿಕಾ ದವಾಖಾನೆಯ ಹಿತ್ತಲಲ್ಲಿ ನಿಂತಿದ್ದಳು. ಕಸದ ವ್ಯಾನು ಬಂದು ಅಡ್ಡ ನಿಂತು ಜೀಪಿಗೆ ದಾರಿ ಕಟ್ಟಿತ್ತು. ಅದು ದವಾಖಾನೆಗಳ ಕಸ ಮಾತ್ರ ಒಯ್ಯುವ ವ್ಯಾನು. ಚಾಲಕ ಶೆಡ್ಡಿನಿಂದ ಹಳದಿ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ, ತೂಕ ನೋಡಿ, ಚೀಟಿ ಹರಿದು ಕೊಡುತ್ತಿದ್ದ.

"ಲಗೂ ಮುಗಸಪಾ, ನಮಗ ಬ್ಯಾರೆ ಕೆಲಸ ಇಲ್ಲೇನು?"

"ತೂಕ ಹೊಂದಬೇಕ್ರಿ ಮೇಡಂ. ವಾರ್ಡಿನ್ಯಾಗ ಒಮ್ಮೆ ತೂಗಿ ಬರೀತಾರ, ಇಲ್ಲಿ ಒಮ್ಮೆ ನಾ ತೂಗತೇನಿ."

ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. ಹಳದಿ ಚೀಲ. ರಕ್ತದ ಬಟ್ಟೆ, ಕೊಯ್ದು ತೆಗೆದ ಮಾಂಸ ಹಾಕುವ ಚೀಲ. ಅದನ್ನು ಕಾವಲುಗಾರನೂ ಬಿಚ್ಚುವುದಿಲ್ಲ, ಪೊಲೀಸರೂ ಬಿಚ್ಚುವುದಿಲ್ಲ, ನಾಯಿ ಕೂಡ ಮೂಸಿ ದೂರ ಹೋಗುತ್ತದೆ.

"ಶಿವನಪ್ಪ, ಕಸದ ರಜಿಸ್ಟರ್ ತಗೊಂಡ ಬರ್ರಿ. ಅಕ್ಟೋಬರ್ ಹದಿನೇಳು."

ಆಪರೇಶನ್ ಕೋಣೆಯ ಹಳದಿ ಚೀಲ ಎಂದಿನ ದಿನ ಎರಡು ಕಿಲೋ ತೂಗುತ್ತದೆ. ಅಕ್ಟೋಬರ್ 17ರ ಸಾಲಿನಲ್ಲಿ ಗುಂಡಗೆ, ಶಾಲೆಯ ಹುಡುಗಿಯ ಅಕ್ಷರದಂತೆ ಬರೆದಿತ್ತು: 8 ಕಿಲೋ 300 ಗ್ರಾಂ. ಅದೇ ದಿನದ ವ್ಯಾನಿನ ಚೀಟಿಯಲ್ಲಿ 2 ಕಿಲೋ 100 ಗ್ರಾಂ. ಎರಡನ್ನೂ ಇದುವರೆಗೆ ಯಾರೂ ಹೋಲಿಸಿ ನೋಡಿರಲಿಲ್ಲ. ವಾರ್ಡಿಗೂ ವ್ಯಾನಿಗೂ ನಡುವೆ, ಈ ಶೆಡ್ಡಿನಲ್ಲಿ, ಆರು ಕಿಲೋ ಮಾಯವಾಗಿತ್ತು. ಹಿತ್ತಲ ಗೇಟು ಶೆಡ್ಡಿನಿಂದ ಹತ್ತು ಹೆಜ್ಜೆ, ಅಲ್ಲಿ ಕಾವಲುಗಾರನಿಲ್ಲ. ಸಾಲಿನ ಕೊನೆಗೆ ಸಹಿ: ನಾಗರತ್ನಾ.

ಶಿವನಪ್ಪ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. "ಕದಿಯಾಕ ಒಯ್ದದ್ದನ್ನ ತೂಗಿ, ಬರದು, ಸಹಿ ಮಾಡ್ಯಾಳಲ್ರಿ ಈಕಿ! ನನ್ನ ಸರ್ವೀಸಿನ್ಯಾಗ ಇಂಥಾ ಕಳ್ಳಿನ್ನ ನೋಡಿಲ್ಲ."

ಗುರುವಾರ ನಾಗರತ್ನಾ ರಜೆ ಹಾಕಿದ್ದಳು. ರಜಿಸ್ಟರ್ ಮತ್ತು ಚೀಟಿಯನ್ನು ಜಪ್ತಿ ಮಾಡಿ, ಶೋಧಕ್ಕೆ ಕಾರಣ ಬರೆದು, ಪಂಚರನ್ನು ಕರೆದುಕೊಂಡು ಹೊರಡುವಷ್ಟರಲ್ಲಿ ಮಧ್ಯಾಹ್ನ ಮೂರು. ಪರಶು ಈ ಸಲ ಒಲೆ ಆರಿಸಿಯೇ ಬಂದಿದ್ದ.

3 ಗಂಟೆ 35ಕ್ಕೆ ಅಬ್ಬಿಗೇರಿ. ಮನೆಯಲ್ಲಿ ನಾಗರತ್ನಾ, ಆಕೆಯ ತಾಯಿ ಮಾಳವ್ವ, ಮತ್ತು ಎಂಟು ವರ್ಷದ ಮಗಳು ಮಂಜು ಇದ್ದರು. ಮಂಜು ಪಾಟಿಯ ಮೇಲೆ 'ಅ' ಬರೆದು ಅಳಿಸಿ, ಮತ್ತೆ ಬರೆಯುತ್ತಿದ್ದಳು. ಪೊಲೀಸರನ್ನು ಕಂಡು ನಕ್ಕಳು.

"ಡಬ್ಬಿ ಎಲ್ಲಿ?"

ನಾಗರತ್ನಾ ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ಜೋಳದ ತಗಡಿನ ಪೀಪಾಯಿಯ ಮುಚ್ಚಳ ತೆಗೆದಳು. ಜೋಳದೊಳಗೆ ಮೊಣಕೈವರೆಗೆ ಕೈ ಹಾಕಿ ಮೊದಲು ಡಬ್ಬಿ ತೆಗೆದಳು, ಆಮೇಲೆ ಎರಡು ಬಾಟಲಿ. ಬಾಟಲಿಗಳ ಸೀಲು ಒಡೆದಿರಲಿಲ್ಲ. ಎರಡನ್ನೂ ಹಳೆಯ ಕುಂಚಿಗೆಗಳಲ್ಲಿ, ಎಳೆಗೂಸುಗಳ ತಲೆಗೆ ಕಟ್ಟುವ ಆ ಟೊಪ್ಪಿಗೆಗಳಲ್ಲಿ, ಸುತ್ತಿಟ್ಟಿದ್ದಳು.

"ಒಡದ್ರ ಮನ್ಯಾಗಿನವರಿಗೆ ಮತ್ತು ಬಂದೀತು ಅಂತ," ಎಂದಳು.

"ಕಸದ ರಜಿಸ್ಟರಿನ್ಯಾಗ ಎಂಟು ಕಿಲೋ ಅಂತ ನೀನ ಬರದಿದ್ದಿ?"

"ತೂಕ ಬಂದಷ್ಟ ಬರೀಬೇಕಲ್ರಿ. ರಜಿಸ್ಟರಿನ್ಯಾಗ ಸುಳ್ಳ ಬರಿಯಾಕ ಮನಸ್ಸ ಬರಲಿಲ್ಲ."

ದೇವಿಕಾಳ ಮೈಯೆಲ್ಲ ಉರಿದುಹೋಯಿತು. "ಕಸದ ತೂಕದ ಚಿಂತಿ ಮಾಡಾಕಿ ಆ ಕೂಸಿನ ಚಿಂತಿ ಮಾಡಲಿಲ್ಲೇನು? ಹಾಲು ಮೂಗಿನ್ಯಾಗಿಂದ ಬರತೈತಿ ಅದಕ್ಕ! ನೋಡೀಯೇನು?"

"ಅದರ ಚಿಂತಿ ಮಾಡೇ ತಂದೇನ್ರಿ." ನಾಗರತ್ನಾ ಮಗಳ ಕಡೆ ನೋಡಿದಳು. "ಮೂರ ವರ್ಷ ತುಂಬೂತನಕ ಮಾತ್ರ ತಡೀಬೇಕಂತಿದ್ದೆ. ಆಮ್ಯಾಲ ತಿರಿಗಿ ಇಡಾಕಿ ಇದ್ದೆ."

ಹೇಳಿಕೆಯನ್ನು ಶಿವನಪ್ಪ ಬರೆದುಕೊಂಡ. ಮಂಜು ಹುಟ್ಟುವಾಗಲೇ ಕರುಳು ಸರಿಯಿರಲಿಲ್ಲ. ಎರಡೂವರೆ ವರ್ಷದೊಳಗೆ ಮೂರು ಆಪರೇಶನ್, ಒಂದಂತೂ ಐದು ತಾಸಿನದು. ಮೂರೂ ಸಲ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವಳು ನಾಗರತ್ನಾ. ಕೂಸು ಬದುಕಿತು. ಆದರೆ ಎಂಟು ತುಂಬಿದರೂ ಇವತ್ತು ಕಲಿತ ಅಕ್ಷರ ನಾಳೆಗೆ ಇರುವುದಿಲ್ಲ. ಹೋದ ವರ್ಷ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಳು: ಮತ್ತಿನ ಔಷಧದಿಂದ ಇಲಿಮರಿಗಳ ಮಿದುಳಿನ ಕಣಗಳು ಸತ್ತುಹೋದವಂತೆ, ಮೂರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಜಾಗ್ರತೆ ಇರಬೇಕಂತೆ. ಅವತ್ತಿನಿಂದ ನಿದ್ದೆ ಹೋಯಿತು. ನಿಲೋಫರಳಿಗೆ ತುಟಿಯದು ಒಂದು ಆಗಿದೆ, ಇದು ಎರಡನೆಯದು ಎಂದು ಬೆರಳು ಮಡಿಚಿದ್ದಳು.

"ಡಾಕ್ಟರನ್ನ ಕೇಳಬೇಕಿತ್ತು."

"ಕೇಳಿದ್ನಿರಿ. ದೊಡ್ಡ ಡಾಕ್ಟರನ್ನ, ಸಿದ್ದರಾಮೇಶ ಸಾಹೇಬ್ರನ್ನ, ಎರಡ ಸಲ ಕೇಳಿದೆ. 'ಮೊಬೈಲ್ ನೋಡಿ ಡಾಕ್ಟರ್ ಆಗಬ್ಯಾಡ, ನೆಲಾ ಒರಸು ಹೋಗು' ಅಂದ್ರು. ನೆಲಾ ಒರಸಿದೆ. ಕಾಗದ ಓದಂದ್ರು, ಓದಿದೆ. ಆ ತಾಯಿ ನನ್ನನ್ನ ಕೇಳಿದ್ಲು, ನಾ ಯಾರನ್ನ ಕೇಳಲ್ರಿ?"

ದೇವಿಕಾ ಜೀಪಿನ ಬಳಿ ಹೋಗಿ ದುರಗೇಶರಿಗೆ ಫೋನ್ ಮಾಡಿದಳು. ಇದು ಖರೇನೋ ಸುಳ್ಳೋ, ಒಂದೇ ಮಾತಿನಲ್ಲಿ ಹೇಳಿ ಎಂದಳು.

"ಒಂದ ಮಾತಿನ್ಯಾಗ ಬರೂದಿಲ್ಲ ಮೇಡಂ," ಎಂದರು ದುರಗೇಶ. "ಇಲಿಮರಿ, ಮಂಗ್ಯಾನ ಮರಿಗಳಾಗ ಕಣ ಸತ್ತದ್ದು ಖರೇ. ಮನಷ್ಯಾರ ಮಕ್ಕಳಾಗ ಒಮ್ಮೆ, ಒಂದ ತಾಸಿನೊಳಗ ಕೊಟ್ಟದ್ದಕ್ಕ ಏನೂ ಫರಕ್ ಕಂಡಿಲ್ಲ. ಮೂರು ವರ್ಷದೊಳಗ ಭಾಳ ಸಲ, ಇಲ್ಲಾ ಭಾಳ ಹೊತ್ತು ಕೊಟ್ರ ಏನಾಗತೈತಿ ಅನ್ನೂದು ಇನ್ನೂ ಪೂರಾ ತಿಳದಿಲ್ಲ. ಅದಕ್ಕ ಬೇಕಿದ್ದಷ್ಟ ಕೊಡತೇವಿ, ಬ್ಯಾಡಾದ ಆಪರೇಶನ್ ಮುಂದ ಹಾಕತೇವಿ. ಅಂಗುಳ ಮುಂದ ಹಾಕಾಕ ಬರೂದಿಲ್ಲ."

"ಇಷ್ಟನ್ನ ಆಕಿಗೆ ಯಾರರೆ ಹೇಳಿದ್ರ ಈ ಕೇಸ ಆಗತಿರಲಿಲ್ಲ," ಎಂದಳು ದೇವಿಕಾ.

ನೌಕರಿಯಲ್ಲಿದ್ದ ಜಾಗದಲ್ಲೇ ಕದ್ದದ್ದರಿಂದ ಕಲಂ 306 ಸೇರಿತು. 4 ಗಂಟೆ 50ಕ್ಕೆ, ಹೊತ್ತು ಮುಳುಗುವ ಮೊದಲು, ಬಂಧನ. ಬಂಧನದ ಕಾರಣ ಬರೆದ ಪ್ರತಿಯನ್ನು ಮಾಳವ್ವಳ ಕೈಗೆ ಕೊಟ್ಟರು. ಮಾಳವ್ವ ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಮಂಜು ಪಾಟಿ ಎತ್ತಿ ದೇವಿಕಾಳಿಗೆ ತೋರಿಸಿದಳು. 'ಅ' ದುಂಡಗೆ, ಚಂದಾಗಿಯೇ ಇತ್ತು. ದೇವಿಕಾ ಪಾಟಿಯನ್ನು ಅಳಿಸಿಹೋಗದಂತೆ ಗೋಡೆಗೆ ಒರಗಿಸಿಟ್ಟಳು.

ಜಪ್ತಿಯಾದ ಡಬ್ಬಿಯನ್ನು ಬಿಡಿಸಿಕೊಳ್ಳಲು ಶುಕ್ರವಾರವಿಡೀ ಹೋಯಿತು. ಕೋರ್ಟಿನ ಆದೇಶ ಬೇಕು, ಆದೇಶಕ್ಕೆ ಅರ್ಜಿ ಬೇಕು, ಅರ್ಜಿಗೆ ಸಹಿ ಹಾಕಬೇಕಾದ ಸಿದ್ದರಾಮೇಶರು ಬೆಳವಣಕಿಯ ಮದುವೆಗೆ ಹೋಗಿದ್ದರು. ದೇವಿಕಾ ಶಿವನಪ್ಪನನ್ನು ಊಟದ ಪಂಕ್ತಿಗೇ ಕಳಿಸಿ ಸಹಿ ಹಾಕಿಸಿಕೊಂಡಳು. ಅದೇ ದಿನ ನಾಗರತ್ನಾಳಿಗೆ ಜಾಮೀನೂ ಆಯಿತು, ಸೋಮವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಮಾಡಬೇಕೆಂಬ ಷರತ್ತಿನ ಮೇಲೆ. ಸಂಜೆ ಹುಬ್ಬಳ್ಳಿಯ ಎಂಜಿನಿಯರು ಬಂದು ಡಬ್ಬಿ ಪರೀಕ್ಷೆ ಮಾಡಿ ಸರಿಯಿದೆ ಎಂದ.

ಶನಿವಾರ ಬೆಳಿಗ್ಗೆ ದೇವಿಕಾ ತಾನೇ ದವಾಖಾನೆಯಲ್ಲಿ ನಿಂತಳು. ಒಪ್ಪಿಗೆ ಪತ್ರವನ್ನು ದುರಗೇಶರ ಕೈಗೆ ಕೊಟ್ಟು, "ನೀವ ಓದಿ ಹೇಳ್ರಿ, ಆಕಿ ಕೇಳಿದ್ದಕ್ಕೆಲ್ಲಾ ಉತ್ತರಾ ಕೊಡ್ರಿ," ಎಂದಳು. ದುರಗೇಶರು ಸುಗರಾಳ ಎದುರು ಕುರ್ಚಿ ಎಳೆದುಕೊಂಡು ಕೂತರು. ಇಲಿಮರಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು, ತಿಳಿಯದ್ದನ್ನು ತಿಳಿಯದು ಎಂದೇ ಹೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು. ಸುಗರಾ ಎಲ್ಲ ಕೇಳಿ, ಕೂಸಿನ ಮೂಗು ಒರೆಸಿ, ಸಹಿ ಮಾಡಿದಳು. ಆಪರೇಶನ್ 10 ಗಂಟೆ 5ಕ್ಕೆ ಶುರುವಾಗಿ 11 ಗಂಟೆ 10ಕ್ಕೆ ಮುಗಿಯಿತು.

ನವೆಂಬರ್ 17, ಸೋಮವಾರ, ಬೆಳಿಗ್ಗೆ 11 ಗಂಟೆಗೆ ನಾಗರತ್ನಾ ಠಾಣೆಗೆ ಬಂದು ಪುಸ್ತಕದಲ್ಲಿ ಸಹಿ ಮಾಡಿದಳು. ಅದೇ ಗುಂಡನೆಯ ಅಕ್ಷರ. ಸಹಿ ಮಾಡಿದ ಮೇಲೂ ಹೋಗದೆ ನಿಂತಳು.

"ಆ ಕೂಸಿಗೆ ಎಚ್ಚರ ಆತೇನ್ರಿ?"

"ಆತು. ಚೀರಿ ಚೀರಿ ಅತ್ತು ಇಡೀ ದವಾಖಾನಿ ಎಬ್ಬಿಸಿತು. ಅವ್ವನ್ನ ಗುರ್ತಾ ಹಿಡದು ಸುಮ್ಮನಾತು."

ನಾಗರತ್ನಾ ತಲೆಯಾಡಿಸಿದಳು. ಮುಖದ ಮೇಲೆ ಒಂದು ಕ್ಷಣ ನಗುವಿನಂಥದ್ದು ಬಂದು ಹೋಯಿತು. ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದವಳು ಅಲ್ಲಿಂದ ತಿರುಗಿದಳು.

"ಮೇಡಮ್ಮಾರ, ಒಂದ ಕೇಳಲ್ರಿ? ನನ್ನ ಮಂಜು ಹಿಂಗ ಆಗಿದ್ದು, ಅವತ್ತ ನಾ ಆ ಕಾಗದಕ್ಕ ಸಹಿ ಮಾಡಿದ್ದಕ್ಕ ಏನ್ರಿ?"

ಸಹಿ ಮಾಡದಿದ್ದರೆ ಮಗಳೇ ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ನಾಗರತ್ನಾಳಿಗೆ ಗೊತ್ತಿದ್ದದ್ದೇ, ಆಕೆ ಕೇಳಿದ್ದು ಅದನ್ನಲ್ಲ. ಇಲ್ಲವ್ವಾ, ಅದಕ್ಕಲ್ಲ ಎನ್ನಬಹುದಿತ್ತು. ಅದು ಸುಳ್ಳಾದರೂ ಆಗಬಹುದು. ಹದಿಮೂರು ವರ್ಷ ಊರೂರಿನ ಜನರಿಂದ ಉತ್ತರ ಕಿತ್ತು ತೆಗೆದ ದೇವಿಕಾ, ಆ ಹೆಂಗಸಿನ ಮುಖ ನೋಡಿದಳು.

"ಗೊತ್ತಿಲ್ಲವ್ವಾ," ಎಂದಳು.

ನಾಗರತ್ನಾ ಕೈ ಮುಗಿದು ಹೋದಳು. ದೇವಿಕಾ ಪ್ಯಾಡು ಹತ್ತಿರಕ್ಕೆ ಎಳೆದುಕೊಂಡಳು. ಅದರಲ್ಲಿ ಹದಿನೈದು ಗೆರೆಗಳಿದ್ದವು. ಪೆನ್ಸಿಲು ಹುಡುಕಿ ಹದಿನಾರನೆಯದನ್ನು ಎಳೆದಳು, ಆಮೇಲೆ ಕೇಸಿನ ಫೈಲು ಮುಚ್ಚಿ ಶಿವನಪ್ಪನ ಕೈಗೆ ಕೊಟ್ಟಳು.